ಇಟಲಿಗೆ ಮೊದಲು ಬಹರೈನಿನಲ್ಲೊಂದು ತಾಲೀಮು

ಮನುಷ್ಯನಿಗೆ ರಜೆ ಕೊಡಬಹುದು. ರಜೆಯಲ್ಲಿರಬಲ್ಲ ಬುದ್ಧಿಯನ್ನು ಮಾತ್ರ ಯಾರೂ ಕೊಡಲಾರರು. ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ಈ ತೀರ್ಮಾನಕ್ಕೆ ಬಂದಿದ್ದೇನೆ. ತಪ್ಪೆಲ್ಲ ತುಮಕೂರಿನ ಆ ವಿದ್ಯಾರ್ಥಿನಿಲಯದ್ದು ಎಂದು ಹೇಳಿ ಜಾರಿಕೊಳ್ಳುವ ಆಸೆಯಿದೆ. ಅಲ್ಲಿ ಬೆಳಗಿನ ನಾಲ್ಕೂವರೆಗೆ ಗಂಟೆ ಹೊಡೆಯುತ್ತಿತ್ತು. ಗಂಟೆಯ ಹನ್ನೆರಡನೆಯ ಬಡಿತದೊಳಗೆ ಹಾಸಿಗೆ ಸುತ್ತಿ ಸಾಲಿನಲ್ಲಿ ನಿಲ್ಲದವನಿಗೆ ಅಂದಿನ ಉಪ್ಪಿಟ್ಟು ಇಲ್ಲ. ಏಳು ವರ್ಷ ನಾನು ಒಂದು ದಿನವೂ ಉಪ್ಪಿಟ್ಟು ಕಳೆದುಕೊಳ್ಳಲಿಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಂಡಾಗಲೆಲ್ಲ ನನ್ನ ಹೆಂಡತಿ ವಿಶಾಲಾಕ್ಷಿ, "ಒಂದು ದಿನ ಕಳಕೊಂಡಿದ್ರೆ ನನ್ನ ಜೀವನ ಸುಧಾರಿಸ್ತಿತ್ತು" ಎನ್ನುತ್ತಾಳೆ.

ಇಪ್ಪತ್ತೆಂಟು ವರ್ಷದಿಂದ ನಾವು ಬಹರೈನಿನ ರಿಫಾದಲ್ಲಿದ್ದೇವೆ. ಟುಬ್ಲಿಯ ಒಂದು ಜನರೇಟರ್ ದುರಸ್ತಿ ವರ್ಕ್‌ಶಾಪಿನಲ್ಲಿ ಯಾವ ಯಂತ್ರವನ್ನು ಯಾವ ದಿನ ಬಿಚ್ಚಬೇಕು, ಯಾವ ದಿನ ಮುಚ್ಚಬೇಕು ಎಂಬ ಪಟ್ಟಿ ಮಾಡುವುದು ನನ್ನ ಕೆಲಸ. ಈ ವರ್ಷದ ಕೊನೆಗೆ ನಿವೃತ್ತಿ. ಆಮೇಲೆ ಊರು. ಅದಕ್ಕೆ ಮೊದಲು ಇಟಲಿ ನೋಡಬೇಕೆಂದು ವಿಶಾಲಾಕ್ಷಿ ಹೇಳಿದಳು. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಅವಳು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಎರಡೇ: ಒಂದು ಸದ್ದು ಮಾಡದ ಮಿಕ್ಸರ್, ಇನ್ನೊಂದು ಇಟಲಿ. ಮೊದಲನೆಯದು ಲೋಕದಲ್ಲೇ ಇಲ್ಲವಾದ್ದರಿಂದ ಎರಡನೆಯದನ್ನಾದರೂ ನೆರವೇರಿಸಲೇಬೇಕಾಯಿತು. ಊರಿಗೆ ಹೋದ ಮೇಲೆ ಮನೆ, ಮಂದಿ, ಮೊಣಕಾಲು ಎಂದು ಇಟಲಿ ಇನ್ನಷ್ಟು ದೂರ ಸರಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಹತ್ತು ದಿನ ಫ್ಲಾರೆನ್ಸಿನಲ್ಲಿ ಒಂದೇ ಕೋಣೆ ಹಿಡಿದು, ಅಲ್ಲಿಂದ ದಿನಕ್ಕೊಂದು ಊರಿಗೆ ಹೋಗಿ ಸಂಜೆ ಹಿಂತಿರುಗುವುದು ಎಂಬಲ್ಲಿಯವರೆಗೆ ಎಲ್ಲ ಸುಗಮವಾಗಿತ್ತು. ತೊಡಕು ಶುರುವಾದದ್ದು ಮುಂದಿನ ಪ್ರಶ್ನೆಯಿಂದ. ಪೀಸಾಕ್ಕೋ ಸಿಯೆನಾಕ್ಕೋ ಹೋಗುವಾಗ ಗೈಡಿನ ಜೊತೆ ಬಸ್ಸಿನಲ್ಲಿ ಹೋಗುವುದೋ, ನಾವೇ ರೈಲು ಹತ್ತುವುದೋ? ಗೈಡಿನ ಬಸ್ಸಿನಲ್ಲಿ ಹೋದರೆ ಎಲ್ಲ ಅವರೇ ನೋಡಿಕೊಳ್ಳುತ್ತಾರೆ, ಆದರೆ ಗೋಪುರದ ಮುಂದೆ ನಲವತ್ತು ನಿಮಿಷ ಬಿಟ್ಟು, ಮತ್ತೆ ಕುರಿಗಳಂತೆ ಎಣಿಸಿ ತುಂಬಿಕೊಳ್ಳುತ್ತಾರೆ. ರೈಲಿನಲ್ಲಿ ಹೋದರೆ ಸ್ವತಂತ್ರರು, ಆದರೆ ಕಾಗದದ ಟಿಕೆಟನ್ನು ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳದಿದ್ದರೆ ದಂಡ. ಮೇಲಾಗಿ ಆ ದೇಶದಲ್ಲಿ ರೈಲಿನವರು ಆಗಾಗ ಮುಷ್ಕರ ಹೂಡುತ್ತಾರೆ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಮುಂಚಿತವಾಗಿಯೇ ತಿಳಿಸುತ್ತಾರೆ. ಮುಷ್ಕರಕ್ಕೂ ವೇಳಾಪಟ್ಟಿ ಇಡುವ ಜನ! ಅದನ್ನೋದಿ ಇಟಲಿಯ ಬಗ್ಗೆ ನನಗೆ ಮೊದಲ ಬಾರಿಗೆ ನಿಜವಾದ ಗೌರವ ಹುಟ್ಟಿತು.

ನಾನು ಒಂದು ದೊಡ್ಡ ಹಾಳೆಯಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಗೈಡು, ಬಲಕ್ಕೆ ಸ್ವಂತ ಎಂದು ಬರೆದು, ಗುಣದೋಷಗಳನ್ನು ಇಪ್ಪತ್ತಮೂರು ಸಾಲಿನಲ್ಲಿ ಹೋಲಿಸಿದೆ. ಎರಡೂ ಕಡೆ ಸಮಸಮ ಬಂತು. ಇನ್ನೊಂದು ಹಾಳೆ ತೆಗೆದುಕೊಂಡೆ. ಮತ್ತೆ ಸಮ. ಹೀಗೆ ಐದು ವಾರ ಕಳೆಯಿತು. ವೀಸಾ ಅರ್ಜಿಯ ಜೊತೆ ಯಾವ ದಿನ ಎಲ್ಲಿ, ಹೇಗೆ ಹೋಗುತ್ತೇವೆಂಬ ದಿನವಾರು ವಿವರ ಕೊಡಬೇಕು. ಅರ್ಜಿ ಕೊಡುವ ದಿನಕ್ಕೆ ಮೂರೇ ವಾರ ಉಳಿಯಿತು.

ಎದುರು ಫ್ಲಾಟಿನ ಶೆಟ್ಟರು ಮೂಡುಬಿದಿರೆ ಕಡೆಯವರು, ಅದ್ಲಿಯಾದಲ್ಲಿ ಹೋಟೆಲಿನ ಮ್ಯಾನೇಜರು. ನನ್ನ ಹಾಳೆಗಳನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು.

"ಎಂತ ಮಾರಾಯ್ರೆ, ನೀವು ಇಟಲಿ ನೋಡ್ಲಿಕ್ಕೆ ಹೋಗುದಾ, ರಿಪೇರಿ ಮಾಡ್ಲಿಕ್ಕೆ ಹೋಗುದಾ? ವೀಸಾದವ್ರಿಗೆ ಎಂತಾದ್ರೂ ಒಂದು ಬರ್ದು ಕೊಡಿ. ಅಲ್ಲಿ ಹೋದ ಮೇಲೆ ಯಾರು ನೋಡ್ಲಿಕ್ಕುಂಟು?"

"ಬರೆದುಕೊಟ್ಟ ಮೇಲೆ ಹಾಗೇ ಮಾಡಬೇಕಲ್ಲ ಶೆಟ್ರೇ."

"ಅಯ್ಯೋ ದೇವ್ರೇ. ಅಕ್ಕಾ, ನೀವು ಇವ್ರೊಟ್ಟಿಗೆ ಇಷ್ಟು ವರ್ಷ ಹೇಗೆ ಇದ್ದದ್ದು?"

"ಟೈಮಿಗೆ ಸರಿಯಾಗಿ" ಎಂದಳು ವಿಶಾಲಾಕ್ಷಿ ಒಳಗಿನಿಂದ.

ಶೆಟ್ಟರು ಹೋದ ಮೇಲೆ ನನಗೊಂದು ಉಪಾಯ ಹೊಳೆಯಿತು. ವರ್ಕ್‌ಶಾಪಿನಲ್ಲಿ ದುರಸ್ತಿಯಾದ ಯಂತ್ರವನ್ನು ಹಾಗೆಯೇ ಕಳಿಸುವುದಿಲ್ಲ, ಒಮ್ಮೆ ಓಡಿಸಿ ನೋಡುತ್ತೇವೆ. ಇಟಲಿಯನ್ನೂ ಇಲ್ಲೇ ಓಡಿಸಿ ನೋಡಬಾರದೇಕೆ? ಒಂದು ಶುಕ್ರವಾರ ಗೈಡಿನ ಜೊತೆ ಬಹರೈನ್, ಮುಂದಿನ ಶುಕ್ರವಾರ, ಇಲ್ಲಿ ರೈಲಿಲ್ಲವಾದ್ದರಿಂದ, ಊರ ಬಸ್ಸಿನಲ್ಲಿ ನಾವೇ. ಯಾವುದು ಸರಿಹೋಗುತ್ತದೋ ಅದು ಇಟಲಿಗೆ. ವಿಶಾಲಾಕ್ಷಿ ಒಪ್ಪಿದಳು. ಒಪ್ಪಿದಳು ಎಂದರೆ, ಬೇಡ ಎನ್ನಲಿಲ್ಲ.

ಮೊದಲ ಶುಕ್ರವಾರ ಪ್ರವಾಸಿಗರ ಚಿಕ್ಕ ಬಸ್ಸಿನಲ್ಲಿ ಕೂತೆವು. ಕೋಟೆ, ಆಲಿ ಎಂಬ ಕುಂಬಾರರ ಊರು, ಮರಳುಗಾಡಿನ ಮಧ್ಯೆ ಒಂಟಿಯಾಗಿ ನಿಂತ ಹಳೆಯ ಮರ. ಇಪ್ಪತ್ತೆಂಟು ವರ್ಷ ಇದ್ದೂ ನಾವು ಆ ಮರ ನೋಡಿರಲಿಲ್ಲ. ಪಟ್ಟಿಗೆ ಸೇರಿರಲಿಲ್ಲ, ಅಷ್ಟೆ. ಗೈಡ್ ಹುಡುಗಿ ಹಳದಿ ಛತ್ರಿ ಹಿಡಿದು ಚೆನ್ನಾಗಿಯೇ ವಿವರಿಸುತ್ತಿದ್ದಳು. ತೊಂದರೆ ಕೊಟ್ಟವರು ಸಹಪ್ರಯಾಣಿಕರು. ಕೋಟೆಯಲ್ಲಿ ಇಪ್ಪತ್ತು ನಿಮಿಷ ಎಂದರೆ ಇಪ್ಪತ್ತಾರಕ್ಕೆ ಬಂದರು. ನಾನು ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸತೊಡಗಿದೆ. ಕುಂಬಾರರ ಬಳಿ ಇಬ್ಬರು ಕಡಿಮೆ ಇದ್ದರು, ಹುಡುಕಿ ತಂದೆ. ಮರದ ಹತ್ತಿರ ಬರುವ ಹೊತ್ತಿಗೆ ಒಬ್ಬ ಜರ್ಮನ್ ಮುದುಕ ನನ್ನನ್ನೇ ಶೌಚಾಲಯ ಎಲ್ಲಿದೆಯೆಂದು ಕೇಳಿದ. ನಾನು ಗಡಿಯಾರ ನೋಡಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದೆ. ಎಲ್ಲರೂ ಬಂದರು. ಮರದ ನೆರಳಿನಲ್ಲಿ ಒಬ್ಬಾಕೆ ಮಾತ್ರ ಕಾಂಡದತ್ತ ಮುಖ ಮಾಡಿ ನಿಂತೇ ಇದ್ದಳು. "ಹಲೋ ಮೇಡಂ, ಲಾಸ್ಟ್ ಕಾಲ್!" ಎಂದು ಕೂಗಿದೆ. ತಿರುಗಿದಾಗ ವಿಶಾಲಾಕ್ಷಿ.

ಇಳಿಯುವಾಗ ಗೈಡ್ ಹುಡುಗಿ ನನ್ನ ಕೈ ಕುಲುಕಿ, "ಅಂಕಲ್, ಟೂರಿಸಂನಲ್ಲಿ ಎಷ್ಟು ವರ್ಷ?" ಎಂದು ಕೇಳಿದಳು. ವಿಶಾಲಾಕ್ಷಿ ನನ್ನ ಪರವಾಗಿ ಉತ್ತರಿಸಿದಳು: "ಥರ್ಟಿಫೋರ್."

ಎರಡನೆಯ ಶುಕ್ರವಾರದ್ದನ್ನು ಬರೆಯಲು ನನಗೆ ಮನಸ್ಸಿಲ್ಲ. ಆದರೂ ತಪ್ಪೊಪ್ಪಿಗೆಯಲ್ಲಿ ಅರ್ಧ ಬಿಡುವುದು ಕ್ರಮವಲ್ಲ. ರಿಫಾ ಎಂದರೆ ಫ್ಲಾರೆನ್ಸ್, ಮುಹರಕ್ ಎಂದರೆ ಪೀಸಾ ಎಂದು ಇಟ್ಟುಕೊಂಡು ಬಸ್ಸಿನ ಪಟ್ಟಿ ಮಾಡಿದೆ. ಇಟಲಿಯಲ್ಲಿ ಪೀಸಾಕ್ಕೆ ಹೋಗಬೇಕಾದದ್ದು ಮಂಗಳವಾರ. ತಾಲೀಮು ಪಕ್ಕಾ ಇರಲೆಂದು ಹಾಳೆಯ ಮೇಲೆ ಮಂಗಳವಾರ ಎಂದೇ ಬರೆದುಕೊಂಡಿದ್ದೆ. ಬರೆದುಕೊಂಡದ್ದನ್ನು ನಂಬುವುದು ನನ್ನ ಸ್ವಭಾವ. ಹಾಗಾಗಿ ನಾನು ನೋಡಿದ್ದು ಬಸ್ಸುಗಳ ಮಂಗಳವಾರದ ವೇಳೆಯನ್ನು. ಶುಕ್ರವಾರದ ಬೆಳಿಗ್ಗೆ ಎಂಟು ಹದಿನಾಲ್ಕಕ್ಕೆ ನಿಲ್ದಾಣದಲ್ಲಿ ನಾವಿಬ್ಬರೇ. ಶುಕ್ರವಾರ ರಜೆಯ ದಿನವೆಂದು ಈ ದೇಶಕ್ಕೆ ನಿನ್ನೆ ಬಂದಿಳಿದವನಿಗೂ ಗೊತ್ತು. ನಾನು ಇಪ್ಪತ್ತೆಂಟು ವರ್ಷ ಆ ರಜೆ ಅನುಭವಿಸಿದ್ದೇನೆ.

ಬಸ್ಸು ಬಂತು, ಅದರ ಹೊತ್ತಿಗೆ. ಅಲ್ಲಿಂದಾಚೆ ನನ್ನ ಪಟ್ಟಿಯ ಎಲ್ಲ ಸಾಲುಗಳೂ ಒಂದರ ಮೇಲೊಂದು ಬಿದ್ದವು. ಬಸ್ಸು ಬದಲಿಸಲು ನಾಲ್ಕು ನಿಮಿಷ ಇಟ್ಟಿದ್ದಲ್ಲಿ ಓಡಿದೆವು. ಅವಳ ಮೊಣಕಾಲು ಅವಳಿಗಿಂತ ಎರಡು ಹೆಜ್ಜೆ ಹಿಂದಿತ್ತು. ಮುಹರಕ್ಕಿನ ಹಳೆಯ ಓಣಿಯಲ್ಲಿ ನಾವು ನೋಡಬೇಕಿದ್ದ ಮುತ್ತಿನ ವರ್ತಕರ ಮನೆಗೆ ಬೀಗ. ಫ್ಲಾರೆನ್ಸಿನಲ್ಲಿ ಯಾವ ಮ್ಯೂಸಿಯಂ ಯಾವ ವಾರ ಮುಚ್ಚಿರುತ್ತದೆಂದು ನನಗೆ ಬಾಯಿಪಾಠವಿತ್ತು, ಇಲ್ಲಿಯದನ್ನು ನೋಡಿರಲಿಲ್ಲ. ದಾರಿಯಲ್ಲಿ ವಿಶಾಲಾಕ್ಷಿ ಒಂದು ಹಲ್ವದ ಅಂಗಡಿಯ ಮುಂದೆ ನಿಂತಳು. ದೊಡ್ಡ ಕಡಾಯಿಯಲ್ಲಿ ಕೇಸರಿ ಬಣ್ಣದ ಹಲ್ವ ಕುದಿಯುತ್ತಿತ್ತು.

"ಇದು ಪಟ್ಟಿಯಲ್ಲಿಲ್ಲ" ಎಂದೆ.

"ಬೀಗ ಇತ್ತಾ ಪಟ್ಟಿಯಲ್ಲಿ?" ಎಂದು ಕೇಳಿ ಒಳಗೆ ಹೋದಳು.

ಮರಳುವ ಬಸ್ಸು ಕಣ್ಣೆದುರೇ ಹೋಯಿತು. ಮುಂದಿನದಕ್ಕೆ ಮುಕ್ಕಾಲು ಗಂಟೆ. ನಿಲ್ದಾಣದ ಬೆಂಚಿನಲ್ಲಿ ನಾನು ಹಾಳೆಯನ್ನು ನಾಲ್ಕಾಗಿ, ಎಂಟಾಗಿ ಮಡಿಸುತ್ತ ಕೂತೆ. ಯಂತ್ರ ಬಿಚ್ಚುವ ದಿನವನ್ನು ಒಮ್ಮೆಯೂ ತಪ್ಪಿಸದ ಮನುಷ್ಯ ವಾರವನ್ನೇ ತಪ್ಪಿಸಿದ್ದ. ಹಂಚಿಕೊಳ್ಳಲಾಗದ ದುಃಖ ಅದು. ಪಕ್ಕದಲ್ಲಿ ವಿಶಾಲಾಕ್ಷಿ ಚಪ್ಪಲಿ ಬಿಟ್ಟು, ಡಬ್ಬಿ ತೆರೆದು, ಬೆರಳಲ್ಲಿ ಹಲ್ವ ತೆಗೆದು ತಿನ್ನುತ್ತಿದ್ದಳು. ಎದುರಿನ ಗೋಡೆಯ ಮೇಲೆ ಬೆಕ್ಕೊಂದು ಮೈ ಚಾಚಿತ್ತು.

"ರೀ, ಇಟಲಿ ಬೇಡ ಬಿಡಿ" ಎಂದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಅಭ್ಯಾಸವಿತ್ತು.

"ಯಾಕೆ? ಶುಕ್ರವಾರದ್ದು ಒಂದು ತಪ್ಪಾಯ್ತು, ಸರಿಮಾಡ್ತೀನಿ."

"ತಪ್ಪಾಗಿದ್ದಕ್ಕಲ್ಲ. ತಪ್ಪಾಗಿದ್ದರಿಂದಲೇ ಈಗ ಕೂತಿದ್ದೀನಿ. ಅಲ್ಲಿ ನೀವು ತಪ್ಪು ಮಾಡಲ್ವಲ್ಲ, ಅದಕ್ಕೆ ಬೇಡ. ನೀವು ಹೋಗಿ ಬನ್ನಿ. ಫೋಟೋ ಕಳಿಸಿ."

ಅವಳಿಗಾಗಿ ಹೊರಟ ಇಟಲಿಗೆ ಅವಳಿಲ್ಲದೆ ಹೋಗಿ ನಾನು ಯಾರನ್ನು ಎಣಿಸಲಿ? ಮೆಲ್ಲಗೆ ಕೇಳಿದೆ: ಅಷ್ಟಕ್ಕೂ ನಿನಗೆ ಇಟಲಿಯ ಆಸೆ ಹುಟ್ಟಿದ್ದೆಲ್ಲಿಂದ?

"ಹಲ್ಲಿನ ಡಾಕ್ಟರ ಹತ್ರ. ಕಾಯೋ ರೂಮಿನ ಗೋಡೆ ಮೇಲೆ ಒಂದು ಫೋಟೋ ಇದೆಯಲ್ಲ. ನನ್ನ ವಯಸ್ಸಿನವಳೊಬ್ಬಳು ಯಾವುದೋ ಮೆಟ್ಟಿಲ ಮೇಲೆ ಕೂತ್ಕೊಂಡು ಐಸ್‌ಕ್ರೀಮ್ ತಿಂತಾ ಇದ್ದಾಳೆ. ಇಟಲಿ ಇರಬೇಕು ಅಂತ ಪಕ್ಕದಲ್ಲಿ ಕೂತವರು ಯಾರೋ ಅಂದ್ರು. ಟೈಮೆಷ್ಟಾಯ್ತು ಅಂತ ಅವಳ ಮುಖದಲ್ಲಿ ಇಲ್ಲವೇ ಇಲ್ಲ. ನೀವೂ ನೋಡಿದ್ದೀರಿ, ನಾಲ್ಕು ಸಲ ನನ್ನ ಜೊತೆ ಬಂದಿದ್ರಿ."

ಬಂದಿದ್ದೆ. ನಾಲ್ಕು ಸಲವೂ ಡಾಕ್ಟರು ಎಷ್ಟು ನಿಮಿಷ ತಡಮಾಡಿದರೆಂದು ನನ್ನ ಚಿಕ್ಕ ಪುಸ್ತಕದಲ್ಲಿದೆ. ಗೋಡೆಯಲ್ಲಿ ಫೋಟೋ ಇದ್ದದ್ದು ಇಲ್ಲ.

ಸೋಮವಾರವೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹಲ್ಲಿನ ಡಾಕ್ಟರ ಬಳಿ ಹೋದೆ. ಫೋಟೋ ಇತ್ತು. ಮೆಟ್ಟಿಲು, ಹೆಂಗಸು, ಐಸ್‌ಕ್ರೀಮು, ಕಾಲ ಬಳಿ ಒಂದು ಪಾರಿವಾಳ. ಕನ್ನಡಕ ಒರೆಸಿಕೊಂಡು ಮೂಲೆಮೂಲೆ ನೋಡಿದೆ. ಊರ ಹೆಸರು ಇರಲಿಲ್ಲ. ಒಳಗೆ ಡಾಕ್ಟರು ಬಾಯಿ ತೆರೆಸಿ, "ನೋವು ಎಲ್ಲಿ?" ಎಂದು ಕೇಳಿದರು. "ನೋವಿಲ್ಲ ಡಾಕ್ಟರೇ. ಹೊರಗಿನ ಆ ಫೋಟೋ ಇಟಲಿಯ ಯಾವ ಊರು?" ಎಂದೆ. ಅವರು ಕನ್ನಡಿ ಕೆಳಗಿಟ್ಟು ಸ್ವಲ್ಪ ಯೋಚಿಸಿ ಹೇಳಿದರು: "ಊರಾ? ಗೊತ್ತಿಲ್ಲ. ಫ್ರೇಮ್ ತಗೊಂಡಾಗ ಅದು ಒಳಗೇ ಇತ್ತು. ನನ್ನ ಸರ್ಟಿಫಿಕೇಟ್ ಹಾಕೋಣ ಅಂತ ತಂದಿದ್ದೆ, ಸೈಜ್ ಸರಿಹೋಗಲಿಲ್ಲ."

ಇಟಲಿಯೆಂದೂ ಖಾತ್ರಿಯಿಲ್ಲದ ಒಂದು ಮೆಟ್ಟಿಲು! ಯಾವ ಗೈಡಿನ ಬಸ್ಸೂ ಅಲ್ಲಿಗೆ ಹೋಗುವುದಿಲ್ಲ, ಯಾವ ರೈಲೂ ಅಲ್ಲಿ ನಿಲ್ಲುವುದಿಲ್ಲ. ಕಾರಿನಲ್ಲಿ ಕೂತು ನಾನು ಎಷ್ಟೋ ಹೊತ್ತು ಗಾಡಿ ಚಾಲೂ ಮಾಡಲಿಲ್ಲ. ವಿಷಯವನ್ನು ವಿಶಾಲಾಕ್ಷಿಗೆ ಹೇಳಲೂ ಇಲ್ಲ.

ಅರ್ಜಿ ಕೊಡುವ ದಿನ ಬಂತು. ಅವಳ ಅರ್ಜಿಗೆ ಅವಳೇ ಸಹಿ ಹಾಕಬೇಕು, ಹಾಕಿರಲಿಲ್ಲ. ಪಾಸ್‌ಪೋರ್ಟುಗಳನ್ನು ಹಿಡಿದು ಮನಾಮದ ವೀಸಾ ಕಚೇರಿಯ ಕುರ್ಚಿಯಲ್ಲಿ ಕೂತಾಗ ನಾನು ಹೊಸ ಹಾಳೆಯನ್ನು ಅವಳ ಕೈಗಿತ್ತೆ. ಹತ್ತು ದಿನ, ಹತ್ತು ಸಾಲು. ಮೂರು ದಿನ ಗೈಡಿನ ಜೊತೆ, ಮೂರು ದಿನ ರೈಲು. ಉಳಿದ ನಾಲ್ಕು ದಿನಗಳ ಎದುರು ಒಂದೇ ಮಾತನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದೆ: ಮೆಟ್ಟಿಲ ಮೇಲೆ ಕೂರುವುದು. ಅವಳು ಓದಿದಳು. ಮತ್ತೆ ಓದಿದಳು. ಪೆನ್ನು ಕೇಳಿದಳು. ಸಹಿ ಹಾಕುವಾಗ ಬಾಯಿ ಬಿಗಿಹಿಡಿದಿದ್ದಳು. ನಗು ತಡೆಯುತ್ತಿದ್ದಳೋ ಬೇರೆಯದನ್ನೋ, ನಾನು ಕೇಳಲಿಲ್ಲ.

ಕೌಂಟರಿನ ಹೆಣ್ಣುಮಗಳು ಆ ಸಾಲಿನ ಮೇಲೆ ಬೆರಳಿಟ್ಟಳು. "ಸರ್, ಈ ನಾಲ್ಕು ದಿನ... ಇದು ಟೂರಾ, ಇಂಡಿಪೆಂಡೆಂಟಾ?"

ನಾನು ಬಾಯಿ ತೆರೆಯುವ ಮೊದಲೇ ವಿಶಾಲಾಕ್ಷಿ, "ನನಗೆ ಇಂಡಿಪೆಂಡೆಂಟ್. ಇವರಿಗೆ ಟೂರ್. ಗೈಡ್ ನಾನೇ" ಎಂದಳು.

ಪಾಸ್‌ಪೋರ್ಟು ಇನ್ನೂ ಬಂದಿಲ್ಲ. ಬರುವುದರೊಳಗೆ ನನ್ನ ತಾಲೀಮು ಮುಗಿಯಬೇಕೆಂದು ಗೈಡಿನ ಅಪ್ಪಣೆ. ಹಾಗಾಗಿ ದಿನಾ ಸಂಜೆ ಐದಕ್ಕೆ ನಮ್ಮ ಕಟ್ಟಡದ ಮುಂದಿನ ಮೆಟ್ಟಿಲ ಮೇಲೆ ಇಬ್ಬರೂ ಸುಮ್ಮನೆ ಕೂರುತ್ತೇವೆ. ಮೊದಲ ದಿನ ಆರು ನಿಮಿಷ ಕೂತೆ. ಮರುದಿನ ಒಂಬತ್ತು. ನಾಲ್ಕನೆಯ ದಿನ ಹದಿನಾಲ್ಕು, ಆ ದಿನ ವಾಚ್‌ಮನ್ ಬಂದು, "ಚಾವಿ ಖೋ ಗಯಾ ಕ್ಯಾ ಸಾಬ್?" ಎಂದು, ಬೀಗದ ಕೈ ಕಳೆದುಹೋಯಿತೇನೋ ಎಂಬ ಕಳಕಳಿಯಿಂದ ವಿಚಾರಿಸಿದ. ಶೆಟ್ಟರಂತೂ ಕಾರಿನಿಂದಿಳಿದು, "ಎಂತ, ಅಕ್ಕ ಹೊರಗೆ ಹಾಕಿದ್ರಾ?" ಎಂದರು. ಹೀಗೇ ದಿನಕ್ಕೆರಡು ಮೂರು ನಿಮಿಷ ಹೆಚ್ಚಿಸುತ್ತ ಹೋದರೆ ಹೊರಡುವ ಹೊತ್ತಿಗೆ ಒಂದು ಗಂಟೆಯಾದರೂ ಸುಮ್ಮನಿರಬಲ್ಲೆನೆಂದು ಒಂದು ಚಿಕ್ಕ ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಅದು ಅವಳ ಕಣ್ಣಿಗೆ ಬಿದ್ದದ್ದೇ ತಪ್ಪಾಯಿತು. ನಿನ್ನೆ ಮೆಟ್ಟಿಲಿಗೆ ಇಳಿಯುವ ಮುಂಚೆ ವಿಶಾಲಾಕ್ಷಿ ನನ್ನ ಕೈಗಡಿಯಾರವನ್ನೂ ಫೋನನ್ನೂ ಕಿತ್ತುಕೊಂಡು ಅಕ್ಕಿ ಡಬ್ಬಿಯೊಳಗೆ ಹಾಕಿದಳು. ಕೂತೆವು. ಬಿಸಿಲು ಎದುರಿನ ಗೋಡೆಯಿಂದ ಇಳಿದು ಹೋಯಿತು, ಅವಳು ಏನೋ ಹೇಳಿದಳು, ನಾನು ಏನೋ ಹೇಳಿದೆ, ಬೀದಿ ದೀಪ ಹತ್ತಿತು. ಒಳ್ಳೆಯ ಪ್ರಗತಿಯೇ ಆಗಿರಬೇಕು. ಆದರೆ ಎಷ್ಟು ನಿಮಿಷವೆಂದು ಗೊತ್ತಾಗುವ ದಾರಿಯೇ ಇಲ್ಲದೆ, ಪಟ್ಟಿಯಲ್ಲಿ ನಿನ್ನೆಯ ಸಾಲು ಖಾಲಿ ಉಳಿದಿದೆ. ಇವತ್ತು ಬೆಳಿಗ್ಗೆಯಿಂದ ಮೂರು ಸಲ ಹೋಗಿ ಆ ಸಾಲನ್ನು ನೋಡಿ ಬಂದೆ.