ಮಾದರಿ ಬೆನ್ನುಮೂಳೆಗೆ ನಡುನೋವು ಬಂದಿರುವ ಕುರಿತು

ಬೆನ್ನುಮೂಳೆ ಚಿಕಿತ್ಸಾ ಮೇಲ್ವಿಚಾರಣಾ ಇಲಾಖೆ
ಪೂರ್ವ ಅಯೋವಾ ವಲಯ ಕಚೇರಿ

ಸಂಖ್ಯೆ: ಬೆಮೂಚಿ/ಎಕ್ಸ್‌ರೇ/ಮಾದರಿ/7/ಬಕಲ್ ಸಹಿತ
ದಿನಾಂಕ: ಅಕ್ಟೋಬರ್ 19

ಸುತ್ತೋಲೆ

ವಿಷಯ: ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಎಲ್ಲ ಕೈರೋಪ್ರಾಕ್ಟಿಕ್ ಚಿಕಿತ್ಸಾಲಯಗಳ ಗೋಡೆಯ ಮೇಲಿರುವ ಮಾದರಿ ಬೆನ್ನುಮೂಳೆಯ ಎಕ್ಸ್‌ರೇ, ಮತ್ತು ಸದರಿ ಬೆನ್ನುಮೂಳೆಯ ಮಾಲೀಕರಿಗೆ ನಡುನೋವು ಕಾಣಿಸಿಕೊಂಡಿರುವುದು.

ಉಲ್ಲೇಖ:
(ಅ) ಕೋಲ್ಟರ್ ಬ್ಲಫ್ ಊರಿನ ಹಂದಿ ಸಾಕಣೆದಾರರಾದ ಶ್ರೀ ಆರ್ವಿನ್ ಕ್ಲೋಸ್ಟರ್ ಅವರು ಈ ಕಚೇರಿಗೆ ಖುದ್ದು ಬಂದು, ಕುಳಿತುಕೊಳ್ಳಲು ಆಗದ ಕಾರಣ ನಿಂತುಕೊಂಡೇ ನೀಡಿದ ದೂರು.
(ಆ) ಅವರ ಪತ್ನಿ ಶ್ರೀಮತಿ ವರ್ಲಾ ಕ್ಲೋಸ್ಟರ್ ಅವರು ಕಚೇರಿಯ ಮೊಗಸಾಲೆಯಲ್ಲಿ ಗಟ್ಟಿಯಾಗಿ ಆಡಿದ ಮಾತು.

ಪ್ರಸ್ತಾವನೆ:

ಬೆನ್ನುನೋವೆಂದು ಬಂದವರೆಲ್ಲರ ಬೆನ್ನುಮೂಳೆಯ ಎಕ್ಸ್‌ರೇ ತೆಗೆದು, ಅದನ್ನು ದೀಪದ ಹಲಗೆಯ ಮೇಲೆ ಮಾದರಿ ಎಕ್ಸ್‌ರೇಯ ಪಕ್ಕ ಸಿಕ್ಕಿಸಿ, ಮೇಣದ ಪೆನ್ಸಿಲಿನಿಂದ ಗೆರೆ ಎಳೆದು, ಎಷ್ಟು ಓರೆ ಇದೆಯೋ ಅಷ್ಟು ಸಲ ಬರಲು ಹೇಳುವುದು ಈ ವಲಯದ ಕೈರೋಪ್ರಾಕ್ಟರುಗಳು ಲಾಗಾಯ್ತಿನಿಂದ ಪಾಲಿಸಿಕೊಂಡು ಬಂದಿರುವ ಪದ್ಧತಿಯಾಗಿರುತ್ತದೆ. ಸಾರ್ವಜನಿಕರೂ ಇದಕ್ಕೆ ಒಗ್ಗಿಕೊಂಡಿದ್ದು, ಚರ್ಚಿನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ತಮ್ಮ ತಮ್ಮ ಓರೆಯ ಡಿಗ್ರಿಗಳನ್ನು ಮೊಮ್ಮಕ್ಕಳ ಅಂಕಗಳಂತೆ ಹೇಳಿಕೊಳ್ಳುವುದು ಇಲಾಖೆಯ ಗಮನದಲ್ಲಿದೆ.

ಎಲ್ಲ ಕಡೆಯೂ ಒಂದೇ ಎಕ್ಸ್‌ರೇಯ ಪ್ರತಿ ಇದ್ದು, ಸದರಿ ಮಾದರಿ ಬೆನ್ನುಮೂಳೆ ಯಾರದೆಂದು ಈವರೆಗೆ ಯಾರೂ ಕೇಳಿರುವುದಿಲ್ಲ. ಯಾರದೂ ಅಲ್ಲವೆಂದೇ ಭಾವಿಸಲಾಗಿತ್ತು. ಹೀಗಿರುವಲ್ಲಿ ಶ್ರೀ ಕ್ಲೋಸ್ಟರ್ ಅವರು ತೀವ್ರ ನಡುನೋವಿನಿಂದ ಚಿಕಿತ್ಸಾಲಯವೊಂದಕ್ಕೆ ಹೋಗಿ, ಎಕ್ಸ್‌ರೇ ತೆಗೆಸಿಕೊಂಡು, ಅದು ಮಾದರಿಯೊಂದಿಗೆ ಗೆರೆಗೆ ಗೆರೆ ಹೊಂದಿಕೊಂಡಿದ್ದರಿಂದ ‘ದೋಷವಿಲ್ಲ, ನೋವಿರಲು ಸಾಧ್ಯವಿಲ್ಲ’ ಎಂಬ ಹಿಂಬರಹದೊಂದಿಗೆ ವಾಪಸು ಕಳುಹಿಸಲ್ಪಟ್ಟರು. ಹೊರಡುವಾಗ ಅವರು ಗೋಡೆಯ ಕಡೆ ನೋಡಿದರು. ಮುಂದಿನದನ್ನು ಅವರ ಹೇಳಿಕೆಯಿಂದ ಭಾಷೆ ತಿದ್ದದೆ ಕೊಡಲಾಗಿದೆ:

“ಅಯ್ಯೋ, ಅದು ನನ್ನ ಬಕಲ್ ಕಣ್ರೀ! ಪಕ್ಕೆಲುಬಿನ ಹತ್ರ ಬೆಳ್ಳಗೆ ಕಾಣುತ್ತಲ್ಲ, ಅದು. ಹಂದಿ ಒದ್ದು ಸೊಟ್ಟಗಾಗಿತ್ತು, ಇವತ್ತಿಗೂ ಅದನ್ನೇ ಹಾಕ್ಕೊಳ್ತೀನಿ. ಆಗಿನ್ನೂ ನನಗೆ ಮೀಸೆ ಸರಿಯಾಗಿ ಬಂದಿರ್ಲಿಲ್ಲ. ಅಪ್ಪನ್ನ ಬೆನ್ನಿನ ಡಾಕ್ಟ್ರಿಗೆ ತೋರಿಸೋಕೆ ಕರ್ಕೊಂಡು ಹೋಗಿದ್ದೆ. ಹೊಸ ಮಿಷನ್ ಬಂದಿದೆ, ಓಡುತ್ತೋ ಇಲ್ವೋ ನೋಡ್ಬೇಕು, ಸ್ವಲ್ಪ ನಿಂತ್ಕೊಳೋ ಹುಡ್ಗಾ ಅಂದ್ರು. ನಿಂತೆ. ಅಷ್ಟೇ ನಾನು ಮಾಡಿದ್ದು. ಈಗ ನನ್ನ ಬೆನ್ನು ತೋರ್ಸಿ, ನನ್ನ ಬೆನ್ನಿಗೆ ನೋವಿಲ್ಲ ಅಂತ ನನಗೇ ಹೇಳ್ತೀರಲ್ರೀ!”

ಶ್ರೀಮತಿ ವರ್ಲಾ ಅವರ ಮಾತು ಈ ರೀತಿ ಇರುತ್ತದೆ:

“ಮಾದರಿ ಅಂತೆ, ಮಾದರಿ! ಬೆಳಗ್ಗೆ ಎದ್ರೆ ಕಾಲುಚೀಲ ಹಾಕ್ಸೋಳು ನಾನು. ಮೆಕ್ಕೆಜೋಳ ಒಣಗಿ ನಿಂತಿದೆ. ಕಟಾವು ಮಿಷನ್ ಹತ್ತಕ್ಕಾಗ್ದೆ ಈ ಮನುಷ್ಯ ಅದರ ಚಕ್ರ ಸವರ್ಕೊಂಡು ನಿಂತಿರ್ತಾರೆ, ಸತ್ತ ಕುದುರೆ ಮುಂದೆ ನಿಂತ ಹಾಗೆ. ನೆಟ್ಟಗಿರೋ ಬೆನ್ನು ನೀವೇ ಇಟ್ಕೊಳ್ಳಿ. ಈ ವರ್ಷದ ಕಟಾವು ಇವರು ಮಾಡ್ಬೇಕು ಅಷ್ಟೇ. ಮಾಡ್ದಿದ್ರೆ ಇವರು ಉಳಿಯಲ್ಲ, ನನಗೆ ಗೊತ್ತು.”

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಬೆನ್ನುಮೂಳೆ ಹೊಂದಿರುವ ಸಮಸ್ತರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಮಾದರಿಯಲ್ಲಿರುವ ಬಿಳಿ ಆಕೃತಿಯು ಕೆಲಸದ ಉಡುಪಿನ ಹೆಗಲಪಟ್ಟಿಯ ಬಕಲ್ ಆಗಿದ್ದು, ಮೂಳೆ ಆಗಿರುವುದಿಲ್ಲ. ರೋಗಿಗಳ ಎಕ್ಸ್‌ರೇಯಲ್ಲಿ ಅದು ಇಲ್ಲದಿರುವುದನ್ನು ‘ಎಡಭಾಗದಲ್ಲಿ ಕೊರತೆ’ ಎಂದು ಬರೆದು ಚಿಕಿತ್ಸೆ ನೀಡುವುದನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು. ಸದರಿ ಕೊರತೆಗೆ ಚಿಕಿತ್ಸೆ ಪಡೆದು ಗುಣವಾಗಿದೆಯೆಂದು ಈಗಾಗಲೇ ತಿಳಿಸಿರುವವರ ಗುಣವನ್ನು ಹಿಂಪಡೆಯಲಾಗುವುದಿಲ್ಲ.

2. ಮಾದರಿಯನ್ನು ಗೋಡೆಯಿಂದ ತೆಗೆಯತಕ್ಕದ್ದಲ್ಲ. ತೆಗೆದಲ್ಲಿ ಅದರ ಹಿಂದೆ ಬಣ್ಣ ಮಾಸದ ಚೌಕ ಕಾಣಿಸುವುದರಿಂದ, ಇಡೀ ವಲಯದ ಚಿಕಿತ್ಸಾಲಯಗಳಿಗೆ ಸುಣ್ಣಬಣ್ಣ ಮಾಡಿಸಬೇಕಾಗುತ್ತದೆ.

3. ರೋಗಿಯನ್ನು ಮಾದರಿಯ ಹತ್ತಿರಕ್ಕೆ ತರುವುದೇ ಚಿಕಿತ್ಸೆಯಾಗಿರುವುದರಿಂದ, ಶ್ರೀ ಕ್ಲೋಸ್ಟರ್ ಅವರನ್ನು ಎಲ್ಲಿಗೂ ತರಲು ಉಳಿದಿಲ್ಲ. ಅವರು ಆಮೇಲೆ ಹೋದ ಇನ್ನೆರಡು ಸೇರಿ ಮೂರೂ ಚಿಕಿತ್ಸಾಲಯಗಳಲ್ಲಿ ‘ಈಗಾಗಲೇ ತಲುಪಿದ್ದಾರೆ’ ಎಂದು ನಮೂದಿಸಿರುವುದು ನಿಯಮಬದ್ಧವಾಗಿರುತ್ತದೆ. ಮೂರನೆಯ ಕಡೆ ಹೇಗೋ ಕುಳಿತವರು ಮತ್ತೆ ಏಳಲಾಗದೆ, ಅವರನ್ನು ಕುರ್ಚಿ ಸಮೇತ ಕಾರಿನವರೆಗೆ ಎತ್ತಿಕೊಂಡು ಹೋದದ್ದು ಚಿಕಿತ್ಸೆಯ ವ್ಯಾಪ್ತಿಗೆ ಬರುವುದಿಲ್ಲ.

4. ಮಾದರಿಯ ಹಿತದೃಷ್ಟಿಯಿಂದ ಶ್ರೀ ಕ್ಲೋಸ್ಟರ್ ಅವರು ಮೇವಿನ ಮೂಟೆ ಎತ್ತುವುದು, ಬಗ್ಗುವುದು ಮತ್ತು ಪೂರ್ವಾನುಮತಿ ಇಲ್ಲದೆ ಸೀನುವುದನ್ನು ನಿಷೇಧಿಸಿದೆ. ಹಂದಿ ತಪ್ಪಿಸಿಕೊಂಡಲ್ಲಿ ಅದರ ಹಿಂದೆ ಓಡದೆ, ಇದ್ದಲ್ಲೇ ನೆಟ್ಟಗೆ ನಿಂತು ಕರೆಯತಕ್ಕದ್ದು. ಅವರಿಗೆ ವಯಸ್ಸಾಗುವುದಿದ್ದಲ್ಲಿ ಒಂದು ತಿಂಗಳು ಮುಂಚಿತವಾಗಿ ತಿಳಿಸತಕ್ಕದ್ದು.

5. ಬದಲಿ ಮಾದರಿಗಾಗಿ, ಜೀವಮಾನದಲ್ಲಿ ಬೆನ್ನುನೋವು ಕಾಣದವರಿಂದ ಅರ್ಜಿ ಕರೆಯಲಾಗಿತ್ತು. ಬಂದ ಅರ್ಜಿ ಒಂದೇ. ಅರ್ಜಿದಾರರಾದ ಚರ್ಚಿನ ಆರ್ಗನ್ ವಾದಕಿ ಕುಮಾರಿ ಆಲ್ಮಾ ಟೆಕಿಪ್ಪೆ ಅವರು ಎಂಬತ್ತು ದಾಟಿದವರಾಗಿದ್ದು, ಅವರ ಬೆನ್ನುಮೂಳೆಯು ನಮ್ಮೂರ ಹೊಳೆ ಗಿರಣಿಯ ಹತ್ತಿರ ತಿರುಗುವಂತೆ ಎರಡು ಕಡೆ ತಿರುಗಿರುತ್ತದೆ. ಇಷ್ಟು ಓರೆಯಿದ್ದೂ ನೋವಿಲ್ಲವೇ ಎಂದು ಇಲಾಖೆಯ ಆಯ್ಕೆ ಸಮಿತಿಯು ಕೇಳಲಾಗಿ, ಸದರಿಯವರು “ಯಾಕಪ್ಪಾ, ನೋಯ್ಬೇಕಿತ್ತಾ? ಇಷ್ಟು ದಿನ ಯಾರೂ ಹೇಳ್ಲೇ ಇಲ್ವಲ್ಲ!” ಎಂದು ಮರುಪ್ರಶ್ನೆ ಹಾಕಿದ್ದರಿಂದ ಅನರ್ಹಗೊಳಿಸಲಾಗಿದೆ.

6. ಮೇಲ್ಕಂಡ ಪರಿಸ್ಥಿತಿಯಲ್ಲಿ ಹಳೆಯ ಮಾದರಿಯನ್ನೇ ಮುಂದುವರಿಸಲು ತೀರ್ಮಾನಿಸಲಾಗಿದೆ. ಮಾದರಿ ಬೆನ್ನುಮೂಳೆಗೆ ನೋವಿರುವುದು ರುಜುವಾತಾಗಿರುವುದರಿಂದ, ನೋವೂ ಮಾದರಿಯ ಅಂಗವಾಗಿರುತ್ತದೆ. ಆದ್ದರಿಂದ ನೋವಿಲ್ಲದ ಬೆನ್ನುಗಳು ಮಾದರಿಯಿಂದ ದೂರ ಸರಿದಿರುವ ಬೆನ್ನುಗಳೆಂದು ಈ ಮೂಲಕ ಘೋಷಿಸಲಾಗಿದೆ. ಅಂಥವರು ಹತ್ತಿರದ ಚಿಕಿತ್ಸಾಲಯದಲ್ಲಿ ಹಾಜರಾಗಿ, ನೋವು ಬರುವವರೆಗೆ ಚಿಕಿತ್ಸೆ ಪಡೆಯತಕ್ಕದ್ದು. ಕುಮಾರಿ ಟೆಕಿಪ್ಪೆ ಅವರಿಗೆ ವಯಸ್ಸಿನ ಕಾರಣ ಮನೆಯಲ್ಲೇ ನೋವು ತರಿಸಿಕೊಳ್ಳಲು ರಿಯಾಯಿತಿ ಇದೆ.

7. ಆರನೆಯ ಅಂಶವು ಮುದ್ರಣದಲ್ಲಿರುವಾಗಲೇ, ಕೋಲ್ಟರ್ ಬ್ಲಫ್‌ನಲ್ಲಿ ಹೊಸದಾಗಿ ಚಿಕಿತ್ಸಾಲಯ ತೆರೆದಿರುವ ಕೈರೋಪ್ರಾಕ್ಟರ್ ಡಾ. ಜೊಲೀನ್ ವೆಸೆಲಿ ಅವರ ಬಳಿ ಶ್ರೀ ಕ್ಲೋಸ್ಟರ್ ಅವರನ್ನು ಅವರ ಪತ್ನಿ ಕರೆದೊಯ್ದಿರುವುದು ತಿಳಿದುಬಂದಿದೆ. ಅಲ್ಲಿ ನಡೆದದ್ದನ್ನು, ಬೇರೊಂದು ತಪಾಸಣೆಗೆಂದು ಹೋಗಿದ್ದ ನಮ್ಮ ಪರಿವೀಕ್ಷಕರು ಬರೆದುಕೊಂಡು ಬಂದಿರುತ್ತಾರೆ.

ವೈದ್ಯೆ: “ಎಲ್ಲಾದ್ರೂ ಬಿದ್ರಾ? ಜ್ವರ ಬಂತಾ? ತೂಕ ಇಳೀತಿದ್ಯಾ? ಕಾಲು ಮರಗಟ್ಟೋದು, ಮೂತ್ರ ಕಟ್ಕೊಳ್ಳೋದು, ಏನಾದ್ರೂ?”

ಕ್ಲೋಸ್ಟರ್: “ಅದ್ಯಾವುದೂ ಇಲ್ಲಮ್ಮ. ಮೂಟೆ ಎತ್ತಿದೆ, ಹಿಡ್ಕೊಳ್ತು.”

ಅವರ ಕಾಲು, ಪಾದಗಳನ್ನು ಒತ್ತಿಸಿ, ಎತ್ತಿಸಿ ನೋಡಿದ ಮೇಲೆ ವೈದ್ಯೆ: “ಹಾಗಾದ್ರೆ ಎಕ್ಸ್‌ರೇ ಬೇಡ. ಎಲ್ಲಿ ನೋಯುತ್ತೆ, ಕೈಯಿಟ್ಟು ತೋರ್ಸಿ.”

ಕ್ಲೋಸ್ಟರ್: “ಬೇಡ್ವಾ? ಅಮ್ಮಾ, ನಾನು ಎಷ್ಟೋ ವರ್ಷದಿಂದ ಗೋಡೆ ಮೇಲಿದೀನಿ!”

ವೈದ್ಯೆ: “ಇಳಿದು ಬನ್ನಿ ಮತ್ತೆ. ಗೋಡೆ ಮೇಲಿರೋರ ಬೆನ್ನು ಉಜ್ಜಕ್ಕೆ ನನಗೆ ಕೈ ಎಟುಕಲ್ಲ.”

ಪತ್ನಿ: “ಉಜ್ಜಮ್ಮಾ, ಚೆನ್ನಾಗಿ ಉಜ್ಜು. ಸುಮ್ನೆ ಕಿರುಚ್ತಾರೆ, ಕೇಳಿಸ್ಕೋಬೇಡ.”

ಬಳಿಕ ವೈದ್ಯೆಯು ಬೆನ್ನನ್ನು ಕೈಯಿಂದಲೇ ಸಡಿಲಿಸಿ, ಹಾಸಿಗೆ ಹಿಡಿಯಬೇಡಿ, ದಿನಾ ಅಂಚೆಪೆಟ್ಟಿಗೆಯವರೆಗೆ ನಡೆದು ಬನ್ನಿ, ಆಮೇಲೆ ಇನ್ನೂ ಸ್ವಲ್ಪ ದೂರ, ಈ ನೋವು ಸಾಮಾನ್ಯವಾಗಿ ತಾನೇ ಇಳಿಯುವಂಥದ್ದು, ಇಳಿಯದಿದ್ದರೆ ಅಥವಾ ಕಾಲು ಸೋತರೆ ತಡಮಾಡದೆ ಬನ್ನಿ, ಆಗ ಬೇಕಾದ ಪರೀಕ್ಷೆ ಮಾಡಿಸೋಣ ಎಂದು ಹೇಳಿ ಕಳುಹಿಸಿರುತ್ತಾರೆ.

8. ನೋವು ಎಲ್ಲಿದೆ ಎಂದು ರೋಗಿಯನ್ನೇ ಕೇಳುವುದು ಎಕ್ಸ್‌ರೇಯ ಕೆಲಸದಲ್ಲಿ ಹಸ್ತಕ್ಷೇಪವಾಗಿರುತ್ತದೆ. ಈ ಬಗ್ಗೆ ಡಾ. ವೆಸೆಲಿ ಅವರಿಂದ ಸಮಜಾಯಿಷಿ ಕೇಳಲಾಗಿದೆ.

9. ಶ್ರೀ ಕ್ಲೋಸ್ಟರ್ ಅವರ ನೋವಿನಲ್ಲಿ ಇಳಿಕೆ ಕಂಡುಬಂದಿದೆ ಎಂಬ ವದಂತಿ ಇದ್ದು, ಸದರಿ ಇಳಿಕೆಗೆ ಯಾವುದೇ ಎಕ್ಸ್‌ರೇ ಆಧಾರ ಇರುವುದಿಲ್ಲ. ಅವರು ಗುಣವಾದಲ್ಲಿ ಆರನೆಯ ಅಂಶದ ಪ್ರಕಾರ ಅವರೇ ಮಾದರಿಯಿಂದ ದೂರ ಸರಿದಂತಾಗುವುದಲ್ಲದೆ, ಮುಂದೆ ಕಷ್ಟಪಟ್ಟು ನೋವು ತರಿಸಿಕೊಳ್ಳಲಿರುವ ಸಾರ್ವಜನಿಕರಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ಸದರಿ ಇಳಿಕೆಯನ್ನು ತಡೆಹಿಡಿಯಲಾಗಿದೆ. ಇಲಾಖೆಯ ಮುಂದಿನ ಆದೇಶದವರೆಗೆ ಅವರು ಮೊದಲಿನಂತೆಯೇ ನರಳುತ್ತಿರತಕ್ಕದ್ದು, ಮತ್ತು ಕಟಾವು ಯಂತ್ರದಿಂದ ದೂರವಿರತಕ್ಕದ್ದು.

ಈ ಆದೇಶವನ್ನು ಉಲ್ಲಂಘಿಸಿ ಗುಣವಾಗುವವರ ವಿರುದ್ಧ ಸೂಕ್ತ ಕ್ರಮ ಜರುಗಿಸಲಾಗುವುದು.

(ಸಹಿ ಓದಲಾಗದಂತಿದೆ)
ಉಪನಿಬಂಧಕರು
ಬೆನ್ನುಮೂಳೆ ಚಿಕಿತ್ಸಾ ಮೇಲ್ವಿಚಾರಣಾ ಇಲಾಖೆ

ಪ್ರತಿಗಳು (ಕಚೇರಿ ಕಡತದ ಪ್ರತಿಯಲ್ಲಿ, ನಂತರ ಬಂದ ಉತ್ತರಗಳ ಸಹಿತ):

ವಲಯದ ಎಲ್ಲ ಕೈರೋಪ್ರಾಕ್ಟರುಗಳಿಗೆ, ಮಾದರಿಯ ಪಕ್ಕದಲ್ಲಿ ಅಂಟಿಸಲು. ಮಾದರಿಯನ್ನು ಮುಚ್ಚದಂತೆ ಎಚ್ಚರ ವಹಿಸುವುದು.

ಕುಮಾರಿ ಆಲ್ಮಾ ಟೆಕಿಪ್ಪೆ ಅವರಿಗೆ, ಪಾಲಿಸುವ ಸಲುವಾಗಿ. (ಪ್ರಯತ್ನಿಸಿದ್ದೇನೆ, ಬರುತ್ತಿಲ್ಲ, ಭಾನುವಾರದ ನಂತರ ಮತ್ತೆ ನೋಡುತ್ತೇನೆ ಎಂದು ಉತ್ತರ ಬಂದಿದೆ.)

ಡಾ. ಜೊಲೀನ್ ವೆಸೆಲಿ ಅವರಿಗೆ, ಸಮಜಾಯಿಷಿಗಾಗಿ. (‘ಕೇಳಿದೆ, ಅವರು ಹೇಳಿದರು’ ಎಂಬ ಒಂದು ಸಾಲಿನ ಸಮಜಾಯಿಷಿ ತಲುಪಿದ್ದು, ಚಿಕ್ಕದಾಯಿತೆಂದು ವಾಪಸು ಮಾಡಲಾಗಿದೆ.)

ಶ್ರೀ ಆರ್ವಿನ್ ಕ್ಲೋಸ್ಟರ್ ಅವರಿಗೆ, ಖುದ್ದಾಗಿ. (ತಲುಪಿಸಲು ಹೋದ ಸಿಬ್ಬಂದಿಯ ವರದಿ: ಸದರಿಯವರು ಮನೆಯಲ್ಲಿ ಇರಲಿಲ್ಲ. ಹೊಲದಲ್ಲಿ ಕಟಾವು ಯಂತ್ರ ನಿಲ್ಲಿಸಿ, ಕೆಳಗಿಳಿದು ಬಂದು, ಸುತ್ತೋಲೆಯನ್ನು ಪೂರ್ತಿ ಓದಿ, ಸಹಿ ಹಾಕಿ, ಯಾರ ಕೈಯನ್ನೂ ಹಿಡಿಯದೆ ಮತ್ತೆ ಹತ್ತಿ ಕುಳಿತಿರುತ್ತಾರೆ. ಅರ್ಧ ಹೊಲ ಮುಗಿದಿತ್ತು.)