ಬೀಗ ಹಾಕಿದ ಫೋನು ಮತ್ತು ಒಂದು ಚೌಕಶಿ

ಫೋನಿನ ಡಯಲ್ಲಿನ ಮೂರನೆಯ ತೂತಿಗೆ ಪುಟ್ಟದೊಂದು ಹಿತ್ತಾಳೆಯ ಬೀಗ ಹಾಕಿತ್ತು. ಸರ್ಕಾರ ಉರುಳಿಸಲು ಹೊರಟ ಮಂತ್ರಿಯ ಮನೆಯ ಫೋನು ಅದು. ಹೊರಗೆ ಅಷ್ಟು ದೊಡ್ಡ ಪಿತೂರಿ ನಡೆದಿರುವಾಗ ಒಳಗೆ ಅಡುಗೆಯವನು ಊರಿಗೆ ಫೋನು ಮಾಡಿ ಬಿಲ್ ಏರಿಸಿಯಾನೆಂಬ ಚಿಂತೆ. ಹಳೆಯ ರಾಜಕೀಯ ಥ್ರಿಲ್ಲರ್‌ಗಳನ್ನು ನಾನು ನೋಡುವುದೇ ಇಂಥದ್ದಕ್ಕಾಗಿ. ಕೊಲೆ ಮಾಡಿದವರು ಯಾರೆಂಬ ಕುತೂಹಲ ನನಗಿಲ್ಲ; ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಆ್ಯಶ್‌ಟ್ರೇ ಇಟ್ಟವರು ಯಾರೆಂಬ ಕುತೂಹಲವಿದೆ. ನಾಯಕನ ಜೇಬಿನಲ್ಲಿ ಒಂದು ಮೊಬೈಲ್ ಇದ್ದಿದ್ದರೆ ಕಥೆ ಇಂಟರ್‌ವಲ್ ಮುಟ್ಟುತ್ತಿರಲಿಲ್ಲ. ಒಬ್ಬ ಮನುಷ್ಯನ ಗುಟ್ಟು ತಿಳಿಯಲು ಆಗ ಒಂದು ಕಾರು, ಇಬ್ಬರು ಬೇಹುಗಾರರು, ತೂತು ಕೊರೆದ ಪೇಪರು ಬೇಕಾಗುತ್ತಿತ್ತು. ಅಷ್ಟು ಮರ್ಯಾದೆ ಈಗ ಯಾರಿಗೂ ಸಿಗುವುದಿಲ್ಲ.

ಆ ಭಾನುವಾರ ಮಧ್ಯಾಹ್ನ ನನ್ನ ಜೊತೆ ಸಿನಿಮಾ ನೋಡುತ್ತಿದ್ದವರು ಸುಮಿತ್ರಾ ಕಾಕು; ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ನಾನು ಪುಣೆಯ ಖರಾಡಿಯ ಆಫೀಸೊಂದರಲ್ಲಿ ಕೆಲಸ ಮಾಡುವ ಮೈಸೂರಿನವಳು. ಅವರು ಹುಬ್ಬಳ್ಳಿಯಿಂದ ಮದುವೆಯಾಗಿ ಬಂದು ಇಲ್ಲೇ ಹಣ್ಣಾದವರು. ನನ್ನ ಮನೆಯ ಒಡತಿ, ಕೆಳಗಿನ ಮಹಡಿಯಲ್ಲಿ ವಾಸ. ಬಾಡಿಗೆಗೆ ಬಂದ ದಿನವೇ ನಾನು, ಯಾರು ಕೇಳಿದರೂ ನನ್ನ ವಿಷಯ ಹೇಳಬೇಡಿ ಎಂದು ಕೋರಿದ್ದೆ. ಅವರು ತಲೆಯಾಡಿಸಿದವರು ಅಂದಿನಿಂದ ತಾವೂ ಏನನ್ನೂ ಕೇಳಿಲ್ಲ. ಇಂಥ ಒಡತಿ ಊರೆಲ್ಲ ಹುಡುಕಿದರೂ ಸಿಗುವವರಲ್ಲ.

ಬೀಗ ನೋಡಿ ಕಾಕು, "ಇಂಥಾ ಕೀಲಿ ನಮ್ಮನ್ಯಾಗೂ ಇತ್ತವಾ. ಕೀಲಿಕೈ ನಮ್ಮ ಅತ್ತಿ ಸೊಂಟದಾಗ," ಎಂದರು. ಅದೇ ಉಸಿರಿನಲ್ಲಿ, "ಅಂದಂಗ, ಮೊನ್ನೆ ಒಬ್ಬಾಂವ ಬಂದಿದ್ದ. ಭಾಳ ಚೌಕಶಿ ಮಾಡಿದ. ನಾ ಏನೂ ಬಿಟ್ಟುಕೊಡಲಿಲ್ಲ ತಗೋ," ಎಂದು ಮತ್ತೆ ಮಂತ್ರಿಯತ್ತ ತಿರುಗಿದರು.

ಚೌಕಾಶಿ. ನನ್ನ ಬಾಡಿಗೆ ಕರಾರು ಮುಂದಿನ ತಿಂಗಳು ಮುಗಿಯುವುದಿತ್ತು. ಯಾರೋ ಈ ಮನೆಯನ್ನು ಕೇಳಿದ್ದಾರೆ; ಕಾಕು ಇನ್ನೂ ರೇಟು ಇಳಿಸಿಲ್ಲ. ನೇರವಾಗಿ ಕೇಳಿಬಿಡಬಹುದಿತ್ತು. ಆದರೆ ನನ್ನನ್ನು ಯಾರೂ ಏನೂ ಕೇಳಬಾರದೆಂದು ನಾನೂ ಯಾರನ್ನೂ ಏನೂ ಕೇಳದವಳು. ಹಾಗಾಗಿ ಸಿನಿಮಾದ ನಾಯಕ ಮಾಡಿದ್ದನ್ನೇ ಮಾಡಿದೆ: ಬೇಹುಗಾರಿಕೆ. ಮೆಟ್ಟಿಲಿಳಿಯುವಾಗ ಅವರ ಬಾಗಿಲ ಬಳಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಸೋರುವ ನಲ್ಲಿ ನೋಡಲು ಬಂದ ಕಾಕು ಗೋಡೆಯನ್ನೂ ನೋಡಿದರು. ಹೊಸಬರಿಗಾಗಿ ಸುಣ್ಣ ಬಳಿಸುವ ಯೋಚನೆಯಿರಬೇಕು. ಬುಧವಾರ ಬಿಸಿ ಥಾಲಿಪೀಟು ಕೊಟ್ಟು ಕಳಿಸಿದಾಗ ಸಂಶಯ ಗಟ್ಟಿಯಾಯಿತು. ಮಂತ್ರಿಯೂ ತನ್ನ ಕಾರ್ಯದರ್ಶಿಯನ್ನು ಮುಗಿಸುವ ಮುನ್ನ ಪೇಢೆ ತಿನ್ನಿಸಿದ್ದ. ಥಾಲಿಪೀಟು ಚೆನ್ನಾಗಿತ್ತು. ತಿನ್ನುತ್ತಲೇ ಮೊಬೈಲಿನಲ್ಲಿ ಬೇರೆ ಮನೆ ಹುಡುಕಿದೆ.

ಮುಂದಿನ ಭಾನುವಾರ ಉಳಿದರ್ಧ ಸಿನಿಮಾ ನೋಡಲು ಕೂತಾಗ ತಡೆಯಲಾಗಲಿಲ್ಲ. "ಕಾಕು, ಅವರು ಮನೆಯನ್ನ ಎಷ್ಟಕ್ಕೆ ಕೇಳಿದ್ರು?"

"ಯಾರು?"

"ಚೌಕಾಶಿ ಮಾಡಿದ್ರು ಅಂದ್ರಲ್ಲ."

ಕಾಕು ರಿಮೋಟ್ ಒತ್ತಿ ಮಂತ್ರಿಯನ್ನು ಬಾಯಿ ತೆರೆದಂತೆಯೇ ನಿಲ್ಲಿಸಿದರು. "ಅಯ್ಯ, ಸಂತ್ಯಾಗಿನ ಚೌಕಾಶಿ ಅಲ್ಲವಾ. ಮರಾಠಿ ಚೌಕಶಿ. ವಿಚಾರಣಿ. ನಿನ್ನ ಹೆಸರು ಹಿಡದು ಕೇಳಿದ, ಇಲ್ಲೇ ಇರತಾಳೇನು, ಎಷ್ಟ ದಿನಾ ಆತು ಅಂತ. ಪೊಲೀಸ ಅಂದ, ಮೈಮ್ಯಾಲ ಖಾಕಿ ಇಲ್ಲ. ಇಂಥಾವ್ರನ್ನ ಸಿನಿಮಾದಾಗ ನೋಡೀವಿಲ್ಲೋ? ಅಂಥಾಕಿ ಇಲ್ಲಿ ಯಾರೂ ಇಲ್ಲ ಅಂತ ಕಳಿಸಿದೆ."

ಆಗ ನೆನಪಾಯಿತು: ಕಳೆದ ತಿಂಗಳು ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೆ, ಇದೇ ವಿಳಾಸ ಕೊಟ್ಟು; ಅವನು ಬಂದದ್ದು ಅದರ ತಪಾಸಣೆಗೆ. ಮನೆ ಉಳಿದಿತ್ತು. ಆದರೆ ಆ ಮನೆಯಲ್ಲಿ ನಾನಿಲ್ಲವೆಂದು ಸರ್ಕಾರಕ್ಕೆ ತಿಳಿಸಲಾಗಿತ್ತು. ಕಾಕುವಿನ ಮುಖದಲ್ಲಿ, ಕೊಟ್ಟ ಮಾತು ಉಳಿಸಿಕೊಂಡ ಸಮಾಧಾನ ಎದ್ದು ಕಾಣುತ್ತಿತ್ತು; ಬೈಯುವ ಹಾಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೆ ತಡವಾಗಿ ಬರುವೆನೆಂದು ತಿಳಿಸಿ, ಅವರನ್ನು ಕರೆದುಕೊಂಡು ಪೊಲೀಸ್ ಚೌಕಿಗೆ ಹೋದೆ. ಅಲ್ಲಿ ಕಾಕು ಸೊಗಸಾದ ಮರಾಠಿಯಲ್ಲಿ, ನಾನು ಬಾಗಿಲಿಗೆ ಎರಡೆರಡು ಚಿಲಕ ಹಾಕುವುದರಿಂದ ಹಿಡಿದು ಅನ್ನ ಸೀಯಿಸುವವರೆಗೆ ಎಲ್ಲವನ್ನೂ ಬಿಟ್ಟುಕೊಟ್ಟರು. ಹವಾಲ್ದಾರರು ಸಾಕೆಂದು ಪೆನ್ನು ಕೆಳಗಿಟ್ಟರು. ನಾನು ಮಾತ್ರ ಕಾಕುವಿನ ಸೆರಗನ್ನು ಮೆಲ್ಲನೆ ಜಗ್ಗಿ, ಒಬ್ಬಳೇ ಇದ್ದಾಗ ನಾನು ಜೋರಾಗಿ ಹಾಡುವುದನ್ನು ಹೇಳಲು ಮರೆತಿರಿ ಎಂದು ನೆನಪಿಸಿದೆ.