ಎರಡನೇ ಸೀಟಿನ ತೂಕ

ಮೊದಲು ರೇಟು ಹೇಳಿಬಿಡುತ್ತೇನೆ, ಆಮೇಲೆ ಮಾತು. ನಮ್ಮ ಮಾವನ ಕಾರಿಗೆ ಬಿದ್ದ ಖರ್ಚು ಐದು ಲಕ್ಷ ರೂಪಾಯಿ ಮತ್ತು ಒಂದು ಎಮ್ಮೆ. ಅಷ್ಟು ಕೊಟ್ಟು ತಂದ ಕಾರಿಗೆ ಛಾವಣಿಯಿಲ್ಲ, ಬಾಗಿಲಿಲ್ಲ, ಡಿಕ್ಕಿ ಇಲ್ಲ, ಹಿಂದಿನ ಸೀಟಿಲ್ಲ, ಏಸಿ ಇಲ್ಲ, ರೇಡಿಯೋ ಇಲ್ಲ. "ಹಂಗಾದ್ರ ಇರೋದೇನ್ರಿ ಮಾವಾ?" ಅಂತ ಕೇಳಿದರೆ, "ಹಗುರ ಅದ" ಅನ್ನುತ್ತಾರೆ! ಜಗತ್ತೆಲ್ಲ ಇರುವುದಕ್ಕೆ ದುಡ್ಡು ಕೊಡುತ್ತದೆ. ಇಲ್ಲದ್ದಕ್ಕೆ ದುಡ್ಡು ಕೊಟ್ಟು, ಮೇಲೆ ರಸೀದಿಯನ್ನೂ ಇಸಕೊಂಡು ಬಂದ ಮನುಷ್ಯ ರಾಯಚೂರು ಜಿಲ್ಲೆಯಲ್ಲಿ ಇವರೊಬ್ಬರೇ ಎಂದು ನಾನು ಬರೆದುಕೊಡಬಲ್ಲೆ.

ಮಾವ ಅಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಹೆಂಡತಿಯ ತಮ್ಮನಿಗೆ ಅಳಿಯ ಅನ್ನುತ್ತಾರೆ, ಹಾಗಾಗಿ ಅವರಿಗೆ ನಾನು ಅಳಿಯ. ದೇವದುರ್ಗದಲ್ಲಿ ಚಿತ್ರಕಲಾ ಮಾಸ್ತರರಾಗಿದ್ದು ರಿಟೈರ್ ಆದವರು. ಮಕ್ಕಳಿಗೆ ಮಾವಿನಹಣ್ಣು ಬಿಡಿಸುವ ಪಾಠವಿರಲಿ, ಗುಡ್ಡದ ನಡುವೆ ಸೂರ್ಯನ ಪಾಠವಿರಲಿ, ಬೋರ್ಡಿನ ಮೂಲೆಯಲ್ಲಿ ಒಂದು ಕಾರು ಬಿಡಿಸದೆ ಅವರ ಪಿರಿಯಡ್ ಮುಗಿಯುತ್ತಿರಲಿಲ್ಲ. ಅದೂ ಎಂಥ ಕಾರು? ಉದ್ದ ಮೂತಿಯದ್ದು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವಂಥದ್ದು, ಇಬ್ಬರೇ ಕೂರುವಂಥದ್ದು. ಒಬ್ಬರು ಸ್ಟೇರಿಂಗ್ ಹಿಡಿದಿರುತ್ತಿದ್ದರು, ಇನ್ನೊಬ್ಬರ ಸೆರಗು ಗಾಳಿಗೆ ಹಿಂದಕ್ಕೆ ಹಾರುತ್ತಿತ್ತು.

ನಾನೋ, ಅವರಿಗೆ ತೀರಾ ಉಲ್ಟಾ. ರಾಯಚೂರಿನ ಸ್ಟೇಷನ್ ರಸ್ತೆಯ ಮಗ್ಗುಲಲ್ಲಿ ಗೋಣಿಚೀಲ ಹಾಸಿ ಹಳೇ ನಟ್ಟು-ಬೋಲ್ಟು ಮಾರಿದವನು. ಈಗ ಅದೇ ಊರಲ್ಲಿ ಹಳೇ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ನನ್ನ ಧಂದೆಯಲ್ಲಿ ಕಬ್ಬಿಣಕ್ಕೆ ಕಿಲೋ ಲೆಕ್ಕ. ಭಾರ ಇದ್ದಷ್ಟೂ ಬರ್ಕತ್ತು. ಹಗುರಾಗಲಿ, ಇನ್ನೂ ಹಗುರಾಗಲಿ ಎಂದು ಜೀವ ಬಿಡುವ ಗಿರಾಕಿಯನ್ನು ನಾನು ಹೆಂಗೆ ಸಂಭಾಳಿಸಲಿ, ನೀವೇ ಹೇಳಿ!

ಕಾರು ಪುಣೆ ಕಡೆಯ ಒಂದು ಸಣ್ಣ ಕಾರ್ಖಾನೆಯಿಂದ ಡಬ್ಬಿಗಳಲ್ಲಿ ಬಂತು. ಹೌದ್ರೀ, ಡಬ್ಬಿಗಳಲ್ಲಿ! ಪೈಪಿನ ಚೌಕಟ್ಟು, ಫೈಬರಿನ ಮೈ, ಸ್ಟೇರಿಂಗು, ಎರಡು ಸೀಟು, ಒಂದು ಚೀಲ ಬೋಲ್ಟು. ಇಂಜಿನ್ನು ನಾವೇ ಹುಡುಕಿಕೊಳ್ಳಬೇಕು, ಜೋಡಿಸುವುದೂ ನಾವೇ. "ಹಿಟ್ಟು ಕೊಟ್ಟು ಇಡ್ಲಿ ರೊಕ್ಕ ತಗೊಂಡಾರಲ್ರಿ ಮಾವಾ" ಅಂದೆ. ಮಾವನಿಗೆ ಕೇಳಿಸಲಿಲ್ಲ. ಅವರು ಕಾರಿನ ಮೂತಿಯನ್ನು ಕೂಸಿನಂತೆ ಎತ್ತಿಕೊಂಡು ನಿಂತಿದ್ದರು.

ಜೋಡಿಸಲು ಜಾಗ ಬೇಕಲ್ಲ? ಕೊಟ್ಟಿಗೆಯಲ್ಲಿದ್ದ ಎಮ್ಮೆಯನ್ನು ಮಾರಿಬಿಟ್ಟರು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

"ಎಮ್ಮಿ ಹಾಲು ಕೊಡತಿತ್ತು. ಇದು ಏನ್ ಕೊಡತದ್ರಿ?"

"ಗಾಳಿ ಕೊಡತದ."

"ಗಾಳಿಗೆ ಹೆಪ್ಪು ಹಾಕ್ಲೇನು?"

ಇಂಜಿನ್ನು ಮಾತ್ರ ನನ್ನ ಶ್ರೇಯಸ್ಸು. ಗುಜರಿಗೆ ಬಿದ್ದಿದ್ದ ಒಂದು ಸಣ್ಣ ಕಾರಿನದನ್ನು ಹೇಳಿದ ಬೆಲೆಯ ಅರ್ಧಕ್ಕೆ ಇಳಿಸಿ ಕೊಡಿಸಿದೆ. ಗುಟ್ಟು ಕೇಳಿ: ನಿಮಗೆ ಬೇಕಾದ ಸಾಮಾನಿನ ಕಡೆ ಯಾವತ್ತೂ ನೋಡಬೇಡಿ. ಅದರ ಪಕ್ಕದ್ದನ್ನು ಮುಟ್ಟಿ, ತಿರುಗಿಸಿ, ಮೂಗು ಮುರಿದು, ಹೊರಡುವಾಗ "ಇದೇನು, ಇದೂ ಮಾರಾಟಕ್ಕದ ಏನು?" ಎಂದು ಕಾಲಿಂದ ತೋರಿಸಿ. ಆದರೆ ಮಾವನನ್ನು ಕರೆದುಕೊಂಡು ಹೋದರೆ ಈ ವಿದ್ಯೆ ನಡೆಯದು. ಅವರು ಇಂಜಿನ್ನಿನ ಮುಂದೆ ನಿಂತು ಕಣ್ಣು ತುಂಬಿಕೊಂಡರೆ ಯಾವ ಗುಜರಿಯವನು ಬೆಲೆ ಇಳಿಸುತ್ತಾನೆ?

ಆಮೇಲೆ ಶುರುವಾಯಿತು ತೂಕ ಇಳಿಸುವ ಹುಚ್ಚು. ಪೆಡಲಿಗೆ ತೂತು, ಬ್ರಾಕೆಟ್ಟಿಗೆ ತೂತು, ತಮ್ಮ ಸೀಟಿನ ಬೆನ್ನಿಗೆ ತೂತು. ವೆಲ್ಡಿಂಗ್ ಅಂಗಡಿಯ ಚಾಚಾ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಮಾಸ್ಟರ್ ಸಾಬ್, ಗಾಡಿ ಬನಾರೈಂ ಕಿ ಬೂಂದಿ ಕಾ ಝಾರಾ?" ಅಂದರು. ಬೂಂದಿ ಕರಿಯುವ ಝಾರಾ ಸೌಟಿಗೂ ಅಷ್ಟು ತೂತಿರಲಿಕ್ಕಿಲ್ಲ, ಖರೆ! ಮಾವ ಒಮ್ಮೆ ಸೈಲೆನ್ಸರನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿ ರಾಯಚೂರಿನ ಗಂಜ್ ಮಾರುಕಟ್ಟೆಗೆ ಬಂದು, ಹತ್ತಿ ತೂಗುವ ಕಾಟಾದ ಮೇಲಿಟ್ಟರು. ಕಾಟಾದವನು ಸುತ್ತಮುತ್ತ ನೋಡಿದ.

"ಹತ್ತಿ ಎಲ್ರಿ ಮಾಸ್ತರ್ರ?"

"ಹತ್ತಿಯಂಗ ಆಗಲಿ ಅಂತನ ತಂದೀನಪಾ."

ಕಾರು ಮುಗಿದ ಮೇಲೆ ತಮ್ಮ ದೇಹಕ್ಕೇ ಕೈ ಹಾಕಿದರು. ಹೋಳಿಗೆ ಬಿಟ್ಟರು, ತುಪ್ಪ ಬಿಟ್ಟರು. ನಾನು ಕಾರಿಗೆ ಒರಗಿ ನಿಂತರೆ, "ಅಳಿಯಾ, ಮೊದಲ ಆ ಕೀಲಿ ಗೊಂಚಲು ಕೆಳಗಿಡು" ಅನ್ನುತ್ತಿದ್ದರು.

ಇಷ್ಟೆಲ್ಲ ಕಡಿದು, ಕೊರೆದು, ಉಜ್ಜಿದ ಮನುಷ್ಯ ಎಡಗಡೆಯ ಸೀಟನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೊಂದು ತೂತೂ ಇಲ್ಲ. ದಪ್ಪ ಸ್ಪಂಜು, ಮೇಲೆ ಕೆಂಪು ರೆಕ್ಸಿನ್ನು. ನನಗೆ ತಡೆಯಲಾಗಲಿಲ್ಲ.

"ಮಾವಾ, ನೀವು ಒಬ್ರs ಓಡಸೋರು. ಇದನ್ನ ಬಿಚ್ಚಿ ಕೊಡ್ರಿ, ಒಳ್ಳೆ ರೇಟಿಗೆ ಮಾರಿಸ್ತೀನಿ. ಗಾಡಿ ಎಷ್ಟು ಹಗುರಾಗತದ ನೋಡ್ರಿ."

"ಅದು ಇರ್ಲಿ."

"ಯಾರು ಕುಂದ್ರತಾರ್ರಿ ಅದರ ಮ್ಯಾಲ?"

ಮಾವ ಅಡುಗೆಮನೆಯ ಕಡೆ ನೋಡಿದರು. ಒಳಗೆ ಅಕ್ಕ ರೊಟ್ಟಿ ಬಡಿಯುವ ಸಪ್ಪಳ. "ಇರ್ಲಿ ಬಿಡು" ಅಂದರು, ಇನ್ನೂ ಸಣ್ಣ ದನಿಯಲ್ಲಿ.

ಕಾರೇನೋ ಆಯಿತು. ರಸ್ತೆಗಿಳಿಸಲು ನಂಬರು ಬೇಕಲ್ಲ! ಅದರ ಕಚೇರಿಗೆ ಹೋದೆವು. "ಕಂಪನಿ ಯಾವುದ್ರಿ?" ಎಂದು ಸಾಹೇಬರು ಕೇಳಿದರು. "ನಾನs" ಅಂದರು ಮಾವ. "ಮಾಡಲ್ಲು?" "ಇದೊಂದs." ಸಾಹೇಬರು ಒಳ್ಳೆಯವರು, ಚಹಾ ತರಿಸಿ ಕುಡಿಸಿದರು. "ಮಾಸ್ತರ್ರ, ನಿಮ್ಮ ಹೊಲದಾಗ ಎಷ್ಟು ಬೇಕಾದ್ರೂ ಓಡಸ್ರಿ. ರಸ್ತಾಕ ಮಾತ್ರ ತರಬ್ಯಾಡ್ರಿ."

ಅಂದಿನಿಂದ ಸಂಜೆಯಾದರೆ ಮಾವ ಕೊಟ್ಟಿಗೆಯಲ್ಲಿ, ನಿಂತ ಕಾರಿನಲ್ಲಿ, ರಸ್ತೆಗೆ ಮುಖ ಮಾಡಿ ಕೂತಿರುತ್ತಿದ್ದರು. ಮುಂದೆ ರಾಯಚೂರಿನ ಬಸ್ಸು ಹಾದು ಹೋದರೆ ಅವರ ಕೈ ಸ್ಟೇರಿಂಗನ್ನು ಒಂದಿಷ್ಟು ಅತ್ತ ತಿರುಗಿಸುತ್ತಿತ್ತು. ಬಸ್ಸು ಮರೆಯಾದ ಮೇಲೆ ಮೆಲ್ಲಗೆ ನೆಟ್ಟಗೆ ಮಾಡಿಡುತ್ತಿದ್ದರು. ನಾನು ಅದನ್ನು ನೋಡಿ ನಗಬೇಕೆಂದೇ ಹೋಗುತ್ತಿದ್ದೆ. ಆದರೆ ನಗು ಅರ್ಧಕ್ಕೇ ನಿಲ್ಲುತ್ತಿತ್ತು.

ಕೊನೆಗೆ ಕೈ ಹಿಡಿದದ್ದು ಒಂದು ಕೆಲಸಕ್ಕೆ ಬಾರದ ಹೊಲ. ಮಾನ್ವಿ ತಾಲ್ಲೂಕಿನಲ್ಲಿ, ಚೀಕಲಪರ್ವಿಗೆ ಹೋಗುವ ದಾರಿಯ ಬದಿಗೆ, ಮಾವನ ಪಾಲಿಗೆ ಬಂದ ಸವಳು ಭೂಮಿ. ಕಾಲುವೆ ನೀರು ನಿಂತೂ ನಿಂತೂ ಉಪ್ಪು ಮೇಲೆದ್ದ ನೆಲ. ಭತ್ತ ಬೆಳೆಯದು, ಜೋಳ ಬೆಳೆಯದು. ಒಣಗಿದರೆ ಗಚ್ಚಿನಷ್ಟು ಗಟ್ಟಿ, ಅಂಗೈಯಷ್ಟು ಸಪಾಟು. ಬಂದಷ್ಟಕ್ಕೆ ಮಾರಿಬಿಡಿ ಎಂದು ನಾನು ಎಷ್ಟು ಸಲ ಹೇಳಿದ್ದೆ! ಮಾವ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕಾರನ್ನು ಮದುಮಗನಂತೆ ಕೂರಿಸಿಕೊಂಡು ಹೋಗಿ ಅಲ್ಲಿಳಿಸಿದರು.

ಓಡಿತು ನೋಡಿ! ಬಿಳಿ ನೆಲದ ಮೇಲೆ ಆ ಕೆಂಪು ಮೂತಿ, ಹಿಂದೆ ಧೂಳಿನ ಬಾಲ. ಒಂದು ಸುತ್ತು ಹಾಕಿ ಮಾವ ನೇರವಾಗಿ ಜಾಲಿಗಿಡದ ಕೆಳಗೆ ಬುತ್ತಿ ಹಿಡಿದು ಕೂತಿದ್ದ ಅಕ್ಕನ ಮುಂದೆ ತಂದು ನಿಲ್ಲಿಸಿದರು. ಹೆಗಲ ಮೇಲಿನ ಟವೆಲ್ ತೆಗೆದು ಎಡಗಡೆಯ ಸೀಟು ಝಾಡಿಸಿದರು.

"ಬಾರs, ಬಾಜೂಕ ಕುಂದ್ರು. ಒಂದು ಸುತ್ತು."

"ವಲ್ಲೆ."

"ಯಾಕಬೇ?"

"ವಲ್ಲೆ ಅಂದ್ರ ವಲ್ಲೆ. ನೀವು ಹೋಗ್ರಿ."

ಆ ಜಾಗ ಖಾಲಿ ಹೋಗಬಾರದೆಂದು ನಾನು ಹತ್ತಿದೆ. ಹತ್ತಿದೆ ಅನ್ನುವುದು ತಪ್ಪು, ಇಳಿದೆ ಅನ್ನಬೇಕು. ಸೀಟು ನೆಲದಿಂದ ಗೇಣುದ್ದ ಮೇಲೆ. ನನ್ನ ಭಾರಕ್ಕೆ ಕಾರಿನ ಹೊಟ್ಟೆ ನೆಲಕ್ಕೆ ಕೆರೆಯಿತು. "ಅಳಿಯಾ, ನೀ ಇಳದ್ರ ಗಾಡಿ ಓಡತದ" ಅಂದರು ಮಾವ. ನಾನು ಇಳಿದೆ. ಪ್ರತಿ ಸಲ ಹೊಲಕ್ಕೆ ಹೋದಾಗಲೂ ಇದೇ ಕಥೆ. ಸುತ್ತು ಮುಗಿಸಿ ಬರುವುದು, ಸೀಟು ಝಾಡಿಸುವುದು, "ವಲ್ಲೆ" ಕೇಳಿಸಿಕೊಳ್ಳುವುದು, ಮತ್ತೆ ಖಾಲಿ ಸೀಟಿನ ಜೊತೆ ಹೊರಡುವುದು, ಕೊನೆಗೆ ಕಾರನ್ನು ಟ್ರೇಲರಿಗೇರಿಸಿ ಕೊಟ್ಟಿಗೆಗೆ ತರುವುದು.

ಇಂಥ ಕಾರನ್ನು ಸಾಕುವುದೆಂದರೆ ಓಡಿಸುವುದು ಒಂದಾಣೆ, ಉಪಚಾರ ಹದಿನೈದಾಣೆ. ಒಂದು ಸವಾರಿಗೆ ಅರ್ಧಕ್ಕರ್ಧ ಬೋಲ್ಟುಗಳು ಸಡಿಲ. ಅವುಗಳ ಸಲುವಾಗಿ ಮಾವ ನನ್ನ ಅಂಗಡಿಗೆ ಎಡತಾಕುತ್ತಿದ್ದರು. "ಮತ್ತ ಬಂದ್ರೇನ್ರಿ?" ಅಂದರೆ, "ನಿಮ್ಮಕ್ಕನs ಕಳಿಸಿದ್ಳು, ಬೋಲ್ಟು ತೀರ್ಯಾವ, ಹೋಗಿ ತರ್ರಿ ಅಂತ" ಅನ್ನುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ನನಗೆ ಹೆಮ್ಮೆ. ನಿಂತೇ ಇರುವ ಗಾಡಿಯ ಬ್ಯಾಟರಿ ಸಾಯಬೇಕು, ಇದು ಶಾಸ್ತ್ರ. ಆದರೆ ನಾನು ಕೊಡಿಸಿದ ಹಳೇ ಬ್ಯಾಟರಿ ಯಾವಾಗ ಕೀಲಿ ತಿರುಗಿಸಿದರೂ ಚಕ್ಕನೆ ಏಳುತ್ತಿತ್ತು! ನಾನು ಇದನ್ನು ಊರೆಲ್ಲ ಹೇಳಿಕೊಂಡು ನಾಕು ಗಿರಾಕಿಗಳಿಗೆ ಅಂಥದ್ದೇ ಬ್ಯಾಟರಿ ಮಾರಿದೆ.

ಇನ್ನೊಂದು ವಿಚಿತ್ರವಿತ್ತು. ಸ್ಟೇರಿಂಗ್ ಹಿಡಿಯುವವರ ಸೀಟಿನ ಮೇಲೆ ಆಗಾಗ ಒಂದು ತಲೆದಿಂಬು ಬಂದು ಕೂತಿರುತ್ತಿತ್ತು. ಮಾವ ಹೌಹಾರಿ, ದಿಂಬಿನ ತೂಕ ಅಂದಾಜು ಮಾಡಿ, ಎತ್ತಿ ಒಗೆಯುತ್ತಿದ್ದರು. "ಬೆಕ್ಕು ಮಲಗತದ, ಇರ್ಲಿ ಬಿಡ್ರಿ" ಅನ್ನುತ್ತಿದ್ದಳು ಅಕ್ಕ.

ಎಲ್ಲ ವ್ಯವಹಾರ ಕುದುರಿಸಿದವನಿಗೆ ಇದೊಂದು ಕುದುರಿಸಲು ಬಾರದೇ? ನಾನೇ ಅಕ್ಕನ ಹತ್ತಿರ ಚೌಕಾಸಿಗೆ ಕೂತೆ.

"ಯಕ್ಕಾ, ಪಾಪ, ಮುದುಕ ಆಸಿ ಮಾಡಾಕತ್ತಾನ. ಒಂದs ಸುತ್ತು ಕುಂದ್ರು. ಇಲಕಲ್ಲ ಸೀರಿ ಕೊಡಸ್ತೀನಿ."

"ನಿನ್ನ ಸೀರಿ ನೀನs ಉಟ್ಕೋ."

"ಎರಡು?"

"ತಮ್ಮಾ, ಆ ಸೀಟು ನನಗ ಬ್ಯಾಡ."

ನಾನು ರೇಟು ಏರಿಸುತ್ತಲೇ ಹೋದೆ. ಗಿರಾಕಿ ಬೇಡ ಅನ್ನುತ್ತಿರುವುದು ಯಾವ ಸಾಮಾನನ್ನು ಅಂತ ಕೇಳಿಸಿಕೊಳ್ಳಲೇ ಇಲ್ಲ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಳ್ಳು ಹೋಳಿಗೆ ಮಾಡಿಕೊಂಡು ಹೋಗಿ, ಎಲ್ಲ ಕಲಸಿ ಬುಟ್ಟಿಗೆ ಹಾಕಿ, ಬೆಳೆಯ ಸುತ್ತ ಭೂಮಿತಾಯಿಗೆ ಚರಗ ಚೆಲ್ಲಿ ಬರಬೇಕು. ಸವಳು ಹೊಲ ಎಂದೂ ಚರಗ ಕಂಡಿರಲಿಲ್ಲ. ಬೆಳೆಯೇ ಇಲ್ಲದ ಮೇಲೆ ಎಂಥ ಚರಗ? ಮಾವ ಕೇಳಲಿಲ್ಲ. "ಈ ಹೊಲದಾಗ ನಾ ಬೆಳದದ್ದು ಇದೊಂದು ಕಾರು. ಕಾರಿನ್ಯಾಗ ಹೋಗೇ ಚೆಲ್ಲತೀನಿ" ಎಂದು ಹಟ ಹಿಡಿದರು.

ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಸ್ಟೇರಿಂಗ್ ಹಿಡಿದ ಮೇಲೆ ಸಮಸ್ಯೆ ತಿಳಿಯಿತು. ಚರಗ ಹೊಲದ ಒಡೆಯನ ಕೈಯಿಂದಲೇ ಬೀಳಬೇಕು. ಆ ಕೈ ಸ್ಟೇರಿಂಗಿನ ಮೇಲಿದೆ! ನಾನು ಓಡಿಸಲೇ ಎಂದರೆ, ಕಾರಿನ ಹೊಟ್ಟೆ ನೆಲ ಕೆರೆದ ನೆನಪು ಇಬ್ಬರಿಗೂ ಇತ್ತು. ಮಾವ ಬುಟ್ಟಿ ನೋಡಿದರು, ಸ್ಟೇರಿಂಗ್ ನೋಡಿದರು, ಕೆಳಗಿಳಿದು ನಿಂತರು.

ಜಾಲಿಗಿಡದ ಕೆಳಗಿನಿಂದ ಅಕ್ಕ ಎದ್ದಳು. ಬುತ್ತಿ ಗಂಟು ಬಿಚ್ಚಿದಳು. ಅದರೊಳಗಿಂದ ತೆಗೆದದ್ದು ತಲೆದಿಂಬು! ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿಂಬನ್ನು ಬಲಗಡೆಯ ಸೀಟಿನ ಮೇಲಿಟ್ಟು, ಬಾಗಿಲಿಲ್ಲದ ಕಾರಿನ ಅಂಚು ದಾಟಿ, ಅದರ ಮೇಲೆ ನೆಟ್ಟಗೆ ಕೂತಳು.

"ಬುಟ್ಟಿ ಹಿಡಕೊಂಡು ಆ ಕಡಿ ಕುಂದ್ರ್ರಿ."

"ನಿನಗ... ಬರತದೇನs?"

"ಮದುವಿಗೆ ಮದಲ ನಮ್ಮಪ್ಪನ ಟ್ರ್ಯಾಕ್ಟರ್ ಯಾರು ಹೊಡಿತಿದ್ರು, ಕೇಳ್ರಿ ನಿಮ್ಮ ಅಳಿಯನ್ನ."

ಹೌದಲ್ಲ! ಅಕ್ಕ ಟ್ರ್ಯಾಕ್ಟರ್ ಹೊಡೆಯುತ್ತಿದ್ದಳು. ನಾನು ಮಡ್‌ಗಾರ್ಡಿನ ಮೇಲೆ ಕೂತು ಹಾಡುತ್ತಿದ್ದೆ. ಮದುವೆಯಾದ ಮೇಲೆ ಬಿಡು ಅಂತ ಯಾರೂ ಹೇಳಲಿಲ್ಲ. ಹೊಡಿತೀಯಾ ಅಂತಲೂ ಯಾರೂ ಕೇಳಲಿಲ್ಲ.

"ಇಷ್ಟು ದಿನ ಹೇಳಬಾರದಿತ್ತೇನs?" ಅಂದರು ಮಾವ, ಬುಟ್ಟಿ ಹಿಡಿದು ಎಡಗಡೆಯ ಸೀಟಿಗೆ ಇಳಿಯುತ್ತ.

"ನೀವು ಬಾಜೂಕ ಕುಂದ್ರು ಅಂದ್ರಿ. ವಲ್ಲೆ ಅಂದೆ."

ಕೀಲಿ ತಿರುಗಿಸಿದಳು. ಬ್ಯಾಟರಿ ಚಕ್ಕನೆ ಎದ್ದಿತು. ಮಾವ ನನ್ನನ್ನು ನೋಡಿದರು, ನಾನು ಜಾಲಿಗಿಡ ನೋಡಿದೆ. ಬೋಲ್ಟು ತರಲು ಮಾವನನ್ನು ರಾಯಚೂರಿಗೆ ಅಟ್ಟಿದ ಮಧ್ಯಾಹ್ನಗಳಲ್ಲಿ, ಕೊಟ್ಟಿಗೆಯಲ್ಲಿ ದಿಂಬಿನ ಮೇಲೆ ಕೂತು, ಇಂಜಿನ್ನು ಶುರು ಮಾಡಿ, ಅವಳೂ ಎದುರಿನ ರಸ್ತೆ ನೋಡುತ್ತಿದ್ದಳೋ ಏನೋ. ಒಂದೇ ಕಾರು, ಒಂದೇ ರಸ್ತೆ. ಸಂಜೆ ಅವರು, ಮಧ್ಯಾಹ್ನ ಇವಳು.

ಕಾರು ಹೊರಟಿತು. ಮಾವನಿಗೆ ಕೆಂಪು ರೆಕ್ಸಿನ್ನಿನ ಸೀಟು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು. ಅವರು ಬುಟ್ಟಿ ಮರೆತು ಅಕ್ಕನ ಮುಖವನ್ನೇ ನೋಡುತ್ತಿದ್ದರು. "ಚೆಲ್ಲ್ರೀ!" ಎಂದು ಅವಳು ಕೂಗಿದ್ದು ನನ್ನ ತನಕ ಕೇಳಿತು. ಬೋರ್ಡಿನ ಮೇಲಿನ ಚಿತ್ರ ಹಾಗೆಯೇ ಎದ್ದು ಬಂದಿತ್ತು: ಒಬ್ಬರು ಸ್ಟೇರಿಂಗ್ ಹಿಡಿದಿದ್ದರು, ಇನ್ನೊಬ್ಬರ ಬಟ್ಟೆ ಗಾಳಿಗೆ ಹಿಂದಕ್ಕೆ ಹಾರುತ್ತಿತ್ತು. ಹಾರುತ್ತಿದ್ದುದು ಮಾವನ ಟವೆಲ್ಲು, ಅಷ್ಟೇ ಫರಕು. ಬುಟ್ಟಿಯ ಚರಗ ಮುಗಿಯಿತು. ಕಾರು ನಿಲ್ಲಲಿಲ್ಲ. ನಾನು ಹಸಿದುಕೊಂಡು ಜಾಲಿಗಿಡದ ಕೆಳಗೆ ಕೂತೇ ಇದ್ದೆ. ಯಾಕೋ ಊಟಕ್ಕೆ ಕರೆಯಲು ಬಾಯಿ ಬರಲಿಲ್ಲ.

ಇಂಥ ಕಾರು ಕಟ್ಟುವ ಮನಸ್ಸು ನಿಮಗೂ ಇದ್ದರೆ, ಅನುಭವಸ್ಥನ ಮಾತು ಕೇಳಿ. ನಂಬರಿನ ಕಚೇರಿಗೆ ಕಾರು ಕೊಳ್ಳುವ ಮೊದಲೇ ಹೋಗಿ, ಆಮೇಲಲ್ಲ. ಪ್ರತಿ ಸವಾರಿಗೂ ಮುಂಚೆ ಬೋಲ್ಟು ಬಿಗಿ ಮಾಡಿ. ಹಳೇ ಬ್ಯಾಟರಿ ನನ್ನ ಹತ್ತಿರವೇ ತಗೊಳ್ಳಿ, ಆದರೆ ವಾರಕ್ಕೊಮ್ಮೆ ಶುರು ಮಾಡುವವರು ಮನೆಯಲ್ಲಿ ಇದ್ದರೆ ಮಾತ್ರ. ತೂಕ ಇಳಿಸಲು ಎಲ್ಲಿ ಬೇಕಾದರೂ ತೂತು ಹೊಡೆಯಿರಿ, ಎರಡನೇ ಸೀಟು ಮಾತ್ರ ಬಿಚ್ಚಬೇಡಿ. ಮುಂದೆ ಅದರಲ್ಲಿ ನೀವೇ ಕೂರಬೇಕಾಗಬಹುದು. ಮತ್ತೆ ನಿಮ್ಮ ಸೀಟಿನ ಮೇಲೆ ಎಲ್ಲಿಂದಲೋ ಒಂದು ದಿಂಬು ಬಂದು ಕೂತಿದ್ದರೆ, ಬೆಕ್ಕಿನದೆಂದು ಎತ್ತಿ ಒಗೆಯಬೇಡಿ. ಒಳಗೆ ಹೋಗಿ ಒಂದು ಮಾತು ಕೇಳಿ.